ಸತ್ಯಾಂಶ: ಮೂಗು ಒಣಗಿದರೆ ಜ್ವರವೇ?

‘ನಾಯಿ, ಬೆಕ್ಕಿನ ಮೂಗು ಒಣಗಿದ್ದರೆ ಜ್ವರ, ಅರ್ಧ ಪ್ಯಾರಾಸಿಟಮಾಲ್ ಕೊಡಿ’ ಎಂಬ ಮೆಸೇಜ್ ಓಡಾಡುತ್ತಿದೆ. ಎರಡೂ ಮಾತು ತಪ್ಪು. ನಿದ್ದೆಯಿಂದ ಎದ್ದಾಗ, ಬಿಸಿಲಲ್ಲಿ ಮಲಗಿದಾಗ ಮೂಗು ಒಣಗುತ್ತದೆ, ಅಷ್ಟೇ. ಒಂದೆರಡು ಸಲ ನೆಕ್ಕಿಕೊಂಡರೆ ಮತ್ತೆ ಒದ್ದೆ. ಅವುಗಳ ಮೈಬಿಸಿಯೇ ನಮಗಿಂತ ಜಾಸ್ತಿ, ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಜ್ವರ ಗೊತ್ತಾಗುವುದು ಥರ್ಮಾಮೀಟರ್‌ನಿಂದ, ಮೂಗು ಮುಟ್ಟಿ ಅಲ್ಲ.

ನನಗೆ ನಿಜವಾಗಿ ಭಯವಾಗುವುದು ಆ ಮಾತ್ರೆಯ ಮಾತಿಗೆ. ಪ್ಯಾರಾಸಿಟಮಾಲ್ ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಒಂದೇ ಮಾತ್ರೆ ಜೀವ ತೆಗೆಯಬಹುದು. ರಕ್ತ ಆಮ್ಲಜನಕ ಹೊರಲಾರದೆ, ಗುಲಾಬಿ ಬಣ್ಣದ ವಸಡು ಕಂದಾಗುತ್ತದೆ. ಮುಖ ಊದುತ್ತದೆ, ಏದುಸಿರು ಬರುತ್ತದೆ. ನಾಯಿಗೂ ವೈದ್ಯರು ಹೇಳದೆ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಕಾಯಬೇಡಿ, ಮಾತ್ರೆಯ ಖಾಲಿ ಸ್ಟ್ರಿಪ್ ಹಿಡಿದು ತಕ್ಷಣ ಪಶುವೈದ್ಯರ ಹತ್ತಿರ ಹೋಗಿ.