ನಾಲ್ಕನೆಯ ಪೆಟ್ಟು ಖಾಲಿ ಬಿಡಿ ಸ್ವಾಮಿ

‘ಕನ್ನಡದಲ್ಲಿ ಆಂಗ್ಲೋ-ಸ್ಯಾಕ್ಸನ್ ಛಂದಸ್ಸು’ (ಆಂಗ್ಲೋ-ಸ್ಯಾಕ್ಸನ್ ಅಂದರೆ ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷ್) ಅಂತ ಹಣೆಪಟ್ಟಿ ಹಚ್ಚಿದ ವಿಡಿಯೊ ಒಂದನ್ನು ಬೆಳಿಗ್ಗೆಯಿಂದ ನಾಲ್ಕು ಜನ ಕಳಿಸಿದ್ದೀರಿ. ಸಿಕ್ಕಿದ್ದಕ್ಕೆಲ್ಲ ಪ್ರಸ್ತಾರ ಹಾಕೋ ನನ್ನ ಚಾಳಿ ಗೊತ್ತಿದ್ದೇ ಕಳಿಸಿದ್ದೀರಿ, ಕೆಣಕೋಕೆ. ಸರಿ, ಕೆಣಕಿಸಿಕೊಂಡೆ.

ಹಿನ್ನೆಲೆಯಲ್ಲಿ ಕೊಂಬಿನ ಶಿರಸ್ತ್ರಾಣ, ಡಮರು ಥರದ ಏನೋ ಒಂದು ಬಡಿತ, ಮೇಲೆ ಗಡಸು ದನಿಯಲ್ಲಿ: ‘ಕಡಲ ಕರೆಗೆ ಕಂಗೆಟ್ಟ ಕಾದಾಳು ಕತ್ತಿ ಕಳಚಿ ಕುಳಿತ.’ ಕೆಳಗೆ ವಿವರಣೆ: ‘ಎಲ್ಲ ಪದವೂ ಒಂದೇ ಅಕ್ಷರದಿಂದ ಶುರುವಾಗಬೇಕು, ಇದೇ ಹಳೆಯ ಇಂಗ್ಲಿಷ್ ಕಾವ್ಯದ ನಿಯಮ.’

ಅಲ್ಲ. ಅದು ನಿಯಮ ಅಲ್ಲ. ಆ ಸಾಲನ್ನು ಹತ್ತನೆಯ ಶತಮಾನದ ಹಾಡುಗಾರನ ಮುಂದಿಟ್ಟರೆ ಅವನು ಎಣಿಸೋದು ಮೂರೇ, ನಾಲ್ಕನೆಯದಕ್ಕೆ ಮುಖ ಸಿಂಡರಿಸುತ್ತಾನೆ. ಏಳು ಕಕಾರ ಕೇಳಿದರೆ ಎದ್ದೇ ಹೋಗುತ್ತಾನೆ.

(ಕೊಂಬಿನ ಬಗ್ಗೆ ಒಂದೇ ಮಾತು. ಇಂಗ್ಲೆಂಡಿನ ನೆಲದಲ್ಲಿ ಸಿಕ್ಕಿರುವ ಆ ಕಾಲದ ಶಿರಸ್ತ್ರಾಣಗಳಲ್ಲಿ ಕೊಂಬಿಲ್ಲ. 1848ರಲ್ಲಿ ಡಾರ್ಬಿಶೈರ್‌ನ ಬೆಂಟಿ ಗ್ರೇಂಜಿನಲ್ಲಿ ಸಿಕ್ಕಿದ್ದರ ನೆತ್ತಿಯ ಮೇಲೆ ನಿಂತಿರೋದು ಕಾಡುಹಂದಿ. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಯೋಧರ ತಲೆಯ ಮೇಲೂ ಹಂದಿಯೇ. ಹಂದಿ ಹಾಕಿದರೆ ಲೈಕ್ ಬರಲ್ಲ, ಅರ್ಥವಾಗುತ್ತೆ.)

ಈಗ ಲೆಕ್ಕ. ಒಂದು ಸಾಲಿಗೆ ಎರಡು ಅರ್ಧ, ನಡುವೆ ಯತಿ, ಅಂದರೆ ಉಸಿರು ತೆಗೆಯುವಷ್ಟು ತಡೆ. ಒಂದೊಂದು ಅರ್ಧದಲ್ಲಿ ಎರಡು ಪೆಟ್ಟು, ಅಂದರೆ ದನಿ ಒತ್ತಿ ನಿಲ್ಲುವ ಜಾಗ. ಒತ್ತು ಅನ್ನಬಹುದಿತ್ತು, ಒತ್ತಕ್ಷರ ಅಂದುಕೊಳ್ಳುತ್ತೀರಿ ಅಂತ ಪೆಟ್ಟು ಅಂದೆ. ಒಟ್ಟು ನಾಲ್ಕು. ಇವುಗಳಲ್ಲಿ ಯಜಮಾನ ಮೂರನೆಯದು, ಯತಿ ದಾಟಿದ ಕೂಡಲೇ ಬೀಳುವ ಪೆಟ್ಟು. ಅದು ಯಾವ ಧ್ವನಿಯಿಂದ ಶುರುವಾಗುತ್ತೋ ಅದೇ ಧ್ವನಿ ಮೊದಲನೆಯ ಅಥವಾ ಎರಡನೆಯ ಪೆಟ್ಟಿನಲ್ಲಿ ಬರಬೇಕು, ಎರಡರಲ್ಲೂ ಬಂದರೆ ಇನ್ನೂ ಚೆನ್ನ. ನಾಲ್ಕನೆಯದರಲ್ಲಿ ಬರಕೂಡದು. ಬರದಿದ್ದರೂ ನಡೆಯುತ್ತೆ ಅಂತ ಅಲ್ಲ, ಬರಲೇಕೂಡದು. ಪೆಟ್ಟು ಬೀಳದ ಪದಗಳು ಯಾವ ಅಕ್ಷರದಿಂದ ಶುರುವಾದರೂ ಯಾರೂ ಕೇಳಲ್ಲ.

ಸ್ವರಗಳಿಗೆ ರಿಯಾಯಿತಿ ಉಂಟು, ಯಾವ ಸ್ವರ ಯಾವ ಸ್ವರದ ಜೊತೆಗೂ ಕೂಡುತ್ತೆ. ಬೇವುಲ್ಫಿನ ಮೂರನೆಯ ಸಾಲಿನಲ್ಲೇ ‘ಆಥೆಲಿಂಗಾಸ್’ಗೆ ‘ಎಲ್ಲೆನ್’ ಜೋಡಿ. ಆದರೆ ಸ್ಟ, ಸ್ಪ, ಸ್ಕ ಮೂರಕ್ಕೂ ಮಡಿ ಜಾಸ್ತಿ. ಸ್ಟಗೆ ಸ್ಟಯೇ ಆಗಬೇಕು, ಬರೀ ಸ ಆಗಲ್ಲ.

ಹಳೆಯ ಇಂಗ್ಲಿಷ್ ಕವಿತೆಗಳ ಸಂಗ್ರಹವಾದ ಎಕ್ಸೆಟರ್ ಹಸ್ತಪ್ರತಿಯಲ್ಲಿ ಆರು ಸಾಲಿನ ಒಂದು ಒಗಟಿದೆ, ಪುಸ್ತಕ ತಿನ್ನೋ ಹುಳದ್ದು. ಲ್ಯಾಟಿನ್ನಿನ ಮೂರು ಸಾಲಿನ ಒಗಟನ್ನು ಹಿಗ್ಗಿಸಿ ಕಟ್ಟಿದ್ದು. ಅದರ ನಾಲ್ಕನೆಯ ಸಾಲು: ‘ಥೇಓಫ್ ಇನ್ ಥೀಸ್ಟ್ರೊ, ಥ್ರಿಮ್‌ಫ್ಯಾಸ್ಟ್ನೆ ಕ್ವಿಡೆ’. ಕತ್ತಲಲ್ಲಿ ಕಳ್ಳ, (ನುಂಗಿದ್ದು) ಘನವಾದ ನುಡಿಯ. ಈ ಥ ನಮ್ಮ ಮಹಾಪ್ರಾಣವಲ್ಲ, ಥ್ಯಾಂಕ್ಸ್‌ನ ಥ. ಥ, ಥ, ಯತಿ, ಥ, ಆಮೇಲೆ ಕ. ಮುಂದಿನ ಸಾಲು: ‘ಒಂಡ್ ಥ್ಯಾಸ್ ಸ್ಟ್ರಾಂಗನ್ ಸ್ಟಥೊಲ್. ಸ್ಟ್ಯಾಲ್‌ಯಿಯೆಸ್ಟ್ ನೆ ವ್ಯಾಸ್’. ಸ್ಟ, ಸ್ಟ, ಸ್ಟ, ವ. ಆ ‘ಸ್ಟ್ಯಾಲ್‌ಯಿಯೆಸ್ಟ್’ ಅಂದರೆ ಕಳ್ಳನೆಂಟ. ಎಷ್ಟು ಮುದ್ದಾದ ಪದ! ಅತಿಥಿಗೆ ಮದ್ಯದ ಬಟ್ಟಲು ಕೊಟ್ಟು ಕೂರಿಸುವ ಸಂಸ್ಕೃತಿಯಲ್ಲಿ, ಒಳಗೆ ಬಂದು ಮನೆಯನ್ನೇ ತಿಂದು ಹೋದ ನೆಂಟ. ಅಷ್ಟೆಲ್ಲ ನುಂಗಿಯೂ ಅವನ ತಲೆಗೆ ಏನೂ ಹತ್ತಲಿಲ್ಲ ಅಂತ ಒಗಟು ಮುಗಿಯುತ್ತೆ. ಈ ಹಸ್ತಪ್ರತಿಯ ಕೊನೆಯ ಹಾಳೆಗಳನ್ನು ಹುಳ ತಿನ್ನಲಿಲ್ಲ, ಬೆಂಕಿ ತಿಂದಿತು. ಮೊದಲ ಹಾಳೆಗಳ ಮೇಲೆ ಚಾಕುವಿನ ಗೀರೂ ಇವೆ, ಯಾರೋ ಇಟ್ಟ ಬಟ್ಟಲಿನ ಕಲೆಯೂ ಇದೆ.

‘ಅನುಪ್ರಾಸ ತಾನೇ? ನಮ್ಮಲ್ಲೂ ಇದೆಯಲ್ಲ’ ಅಂತೀರಿ. ಇದೆ, ಅಲಂಕಾರವಾಗಿ. ಬಿಟ್ಟರೂ ಪದ್ಯ ಬಿದ್ದುಹೋಗಲ್ಲ. ಅಲ್ಲಿ ಅದು ರಂಗೋಲಿಯಲ್ಲ, ಮನೆಯ ತೊಲೆ. ಹೋಲಿಸಲೇಬೇಕಾದರೆ ನಮ್ಮ ದ್ವಿತೀಯಾಕ್ಷರ ಪ್ರಾಸಕ್ಕೆ ಹೋಲಿಸಿ. ಸಿಂಹ, ಗಜ, ವೃಷಭ ಅಂತ ಹೆಸರಿಟ್ಟು, ತಪ್ಪಿದರೆ ಪದ್ಯವೇ ಕೆಟ್ಟಿತು ಅನ್ನುವಷ್ಟು ಬಿಗಿ ಮಾಡಿದ್ದೆವಲ್ಲ, ಆ ಬಿಗಿ ಅಲ್ಲೂ ಇತ್ತು. ನಮ್ಮ ಪ್ರಾಸ ಎರಡನೆಯ ಅಕ್ಷರ ಹಿಡಿದು ಪಾದ ಪಾದಗಳನ್ನು ಕಟ್ಟಿದರೆ, ಅವರದು ಪೆಟ್ಟಿನ ಮೊದಲ ಧ್ವನಿ ಹಿಡಿದು ಒಂದೇ ಸಾಲಿನ ಎರಡು ಅರ್ಧಗಳನ್ನು ಯತಿಯ ಮೇಲಿಂದ ಹೊಲಿಯುತ್ತೆ. ಯತಿ ದಾಟೋದನ್ನೇ ಹೆಮ್ಮೆ ಮಾಡಿಕೊಂಡ ಕನ್ನಡದವರಿಗೆ ಈ ಹೊಲಿಗೆ ಮೊದಲ ಓದಿಗೆ ಕಾಣಲ್ಲ, ಒಪ್ಪುತ್ತೇನೆ. ಕಾಣದಿದ್ದರೆ ಸುಮ್ಮನಿರಬಹುದಲ್ಲ!

ತೊಲೆ ಅಂದದ್ದಕ್ಕೆ ಪುರಾವೆ ಬೇಕೆ? ಉಳಿದಿರುವ ಹಳೆಯ ಇಂಗ್ಲಿಷ್ ಕಾವ್ಯ ಒಟ್ಟು ಸುಮಾರು 30,000 ಸಾಲು, ಬಹುಪಾಲು ನಾಲ್ಕೇ ಹಸ್ತಪ್ರತಿಗಳಲ್ಲಿ. ಆ ಚರ್ಮದ ಹಾಳೆಗಳಲ್ಲಿ ಸಾಲು ಮುರಿದು ಬರೆದಿಲ್ಲ. ಗದ್ಯದ ಹಾಗೆ ಅಂಚಿನಿಂದ ಅಂಚಿಗೆ ಒಂದೇ ಸಮ ತುಂಬಿದ್ದಾರೆ. ಬೇವುಲ್ಫಿಗೆ 3182 ಸಾಲು ಅಂತ ಇವತ್ತು ಹೇಳುತ್ತೇವಲ್ಲ, ಆ ಸಾಲುಗಳನ್ನು ಎಲ್ಲಿ ಮುರಿಯಬೇಕು ಅಂತ ತೋರಿಸಿದ್ದು ಈ ಮೂರನೆಯ ಪೆಟ್ಟೇ. 1731ರ ಅಕ್ಟೋಬರ್ 23ರಂದು ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸಿಗೆ ಬೆಂಕಿ ಬಿದ್ದು ಆ ಹಸ್ತಪ್ರತಿಯ ಅಂಚು ಸುಟ್ಟಿತು, ಆಮೇಲೆ ಅಂಚಿನ ಅಕ್ಷರಗಳು ಪುಡಿಯಾಗಿ ಉದುರಿದವು. ಪಾಠ ಕೆಟ್ಟಲ್ಲಿ ಸಂಪಾದಕರು ಏನನ್ನೇ ಊಹಿಸಿ ತುಂಬಲಿ, ಮೊದಲು ನೋಡೋದು ಪೆಟ್ಟಿಗೆ ಅಕ್ಷರ ಕೂಡುತ್ತಾ ಅಂತ. ಕೂಡದಿದ್ದರೆ ಊಹೆ ಕಸದ ಬುಟ್ಟಿಗೆ.

ಆ ಜನ ಲೋಕವನ್ನು ನೋಡಿದ ರೀತಿಯೂ ಇದಕ್ಕೆ ಅಂಟಿಕೊಂಡಿದೆ. ಯೋಧ ಅನ್ನೋಕೆ ಬೆಓರ್ನ್, ಗುಮ, ಹ್ಯಾಲೆಥ್, ರಿಂಕ್, ಸೆಜ್, ವೆರ್ ಅಂತ ಅಷ್ಟೊಂದು ಪದ ಯಾಕೆ? ಬ ಬೇಕಾದಾಗ ಬ, ಹ ಬೇಕಾದಾಗ ಹ ಕೈಗೆ ಸಿಗಬೇಕು, ಅದಕ್ಕೆ. ಕಡಲಿಗೆ ‘ತಿಮಿಂಗಿಲದ ದಾರಿ’, ಮೈಗೆ ‘ಮೂಳೆಮನೆ’, ಸೂರ್ಯನಿಗೆ ‘ಬಾನಿನ ದೀಪ’ ಅನ್ನೋ ಜೋಡುಪದಗಳನ್ನು ‘ಆಹಾ ಕಲ್ಪನೆ’ ಅಂತ ಹಂಚುತ್ತಾರೆ. ಕಲ್ಪನೆ ಹೌದು, ಜೊತೆಗೆ ಹೊಸ ಮೊದಲಕ್ಷರ ಒದಗಿಸುವ ಉಪಕರಣವೂ ಹೌದು. ವಿಟ್ಬಿಯ ಮಠದ ದನಗಾಹಿ ಕ್ಯಾಡ್‌ಮನ್‌ನದು ಎನ್ನಲಾದ ಸ್ತೋತ್ರ ಒಂಬತ್ತೇ ಸಾಲು. ಅದರಲ್ಲಿ ದೇವರನ್ನು ಎಂಟು ಸಲ ಹೆಸರಿಸುತ್ತಾನೆ: ಕಾವಲುಗಾರ, ವಿಧಿಸುವವನು, ಮಹಿಮೆಯ ತಂದೆ, ನಿತ್ಯದ ಒಡೆಯ, ಹೀಗೆ. ಭಕ್ತಿ ಇದೆ, ಅದರ ಜೊತೆ ಅಕ್ಷರದ ಲೆಕ್ಕವೂ ಇದೆ. ಎರಡೂ ಒಟ್ಟಿಗೆ ಇರಬಹುದು ಅನ್ನೋದನ್ನು ರಗಳೆ, ಷಟ್ಪದಿ ಓದಿದವರಿಗೆ ನಾನು ಹೇಳಬೇಕೆ?

ಹೆಸರಿಡೋದರಲ್ಲೂ ಇದೇ ಕಿವಿ. ಬೇವುಲ್ಫಿನಲ್ಲಿ ಹೆಅಲ್ಫ್‌ಡೆನೆಯ ಗಂಡುಮಕ್ಕಳು ಹೆಒರೊಗಾರ್, ಹ್ರೋಥ್‌ಗಾರ್, ಹಾಲ್ಗ. ಕಥೆಯಾಚೆ, ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ದೊರೆ ಆಥೆಲ್‌ವುಲ್ಫನ ಗಂಡುಮಕ್ಕಳು ಆಥೆಲ್‌ಸ್ಟನ್, ಆಥೆಲ್‌ಬಾಲ್ಡ್, ಆಥೆಲ್‌ಬೆರ್ಟ್, ಆಥೆಲ್‌ರೆಡ್, ಕೊನೆಗೆ ಆಲ್ಫ್ರೆಡ್. ವಂಶವನ್ನೇ ಒಂದು ಸಾಲಿನಲ್ಲಿ ಹಾಡಬಹುದು.

‘ಭಾವ ಮುಖ್ಯ, ಇಷ್ಟೆಲ್ಲ ಗಣಿತ ಯಾಕೆ’ ಅನ್ನುವವರು ಈಗ ಬರುತ್ತಾರೆ. ಬನ್ನಿ. ಕ್ಯಾಡ್‌ಮನ್‌ನ ಹಾಡನ್ನು ಲ್ಯಾಟಿನ್ನಿಗೆ ತಂದ ಬೀಡ್ ಅನ್ನೋ ಸನ್ಯಾಸಿ, 731ರಲ್ಲಿ ಮುಗಿಸಿದ ತನ್ನ ಚರಿತ್ರೆಯಲ್ಲೇ ಹೇಳಿಬಿಟ್ಟಿದ್ದಾನೆ: ಇದು ಅರ್ಥ ಮಾತ್ರ, ಪದಗಳ ಕ್ರಮವಲ್ಲ, ಎಷ್ಟೇ ಚೆನ್ನಾಗಿ ಕಟ್ಟಿದ ಹಾಡಾದರೂ ಇನ್ನೊಂದು ಭಾಷೆಗೆ ಪದಕ್ಕೆ ಪದ ತಂದರೆ ಚೆಲುವು ಕೆಡುತ್ತೆ ಅಂತ. ಭಾವ ಮಾತ್ರ ಬೇಕಾದವರು ಬೀಡ್‌ನ ಹಾಗೆ ಗದ್ಯ ಬರೆಯಿರಿ, ನನ್ನ ತಕರಾರಿಲ್ಲ. ‘ಛಂದಸ್ಸು’ ಅಂತ ಬೋರ್ಡು ಹಾಕಿದ ಮೇಲೆ ಛಂದಸ್ಸು ಇರಬೇಕು.

ಇನ್ನೊಂದು ಆಕ್ಷೇಪವನ್ನು ನಾನೇ ಎತ್ತಿಬಿಡುತ್ತೇನೆ: ಎಕ್ಸೆಟರ್ ಹಸ್ತಪ್ರತಿಯಲ್ಲೇ ಅಂತ್ಯಪ್ರಾಸದ 87 ಸಾಲಿನ ಕವಿತೆಯೊಂದಿದೆ. ಇದೆ, ನಿಜ. ಅಲ್ಲೂ ಮೂರನೆಯ ಪೆಟ್ಟಿನ ಕಟ್ಟು ಬಿಟ್ಟಿಲ್ಲ, ಅಂತ್ಯಪ್ರಾಸ ಅದರ ಮೇಲೆ ಹೇರಿದ ಹೊರೆ. ಅದನ್ನು ಕೊನೆತನಕ ಓದೋ ತಾಳ್ಮೆ ನನಗಿಲ್ಲ ಅಂತಲೂ ಒಪ್ಪಿಕೊಳ್ಳುತ್ತೇನೆ.

ಬೈದದ್ದು ಸಾಕು, ಕನ್ನಡದಲ್ಲಿ ಮಾಡೋದಾದರೆ ಹೇಗೆ? ಸಾಲನ್ನು ಮೊದಲಿಂದ ಬರೆಯಬೇಡಿ. ಎರಡನೆಯ ಅರ್ಧದ ಮೊದಲ ಪದ ಗಟ್ಟಿ ಮಾಡಿ, ಆಮೇಲೆ ಹಿಂದಕ್ಕೆ ಬಂದು ಜೊತೆ ಹುಡುಕಿ, ಕೊನೆಗೆ ಬೇರೆ ಅಕ್ಷರದಿಂದ ಮುಗಿಸಿ. ಹೀಗೆ:

ಹುಳ ತಿಂತು ಹಾಡ — ಹಗಲು ಕಾಣದ ಕಳ್ಳ;
ನುಡಿಯೆಲ್ಲ ನುಂಗಿ — ನಯಾಪೈಸೆ ಕಲಿಯಲಿಲ್ಲ.

ಕಾವ್ಯವಲ್ಲ, ಅಸ್ಥಿಪಂಜರ. ಹ ಹ ಹ ಕ, ನ ನ ನ ಕ. ನಯಾಪೈಸೆಗೆ ಕ್ಷಮೆ ಇರಲಿ.

ನಿಜವಾದ ತೊಡಕು ಬೇರೆ ಕಡೆ ಇದೆ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಎಡ್ವರ್ಡ್ ಸೀವರ್ಸ್ ಈ ಅರ್ಧಸಾಲುಗಳ ನಡೆಯನ್ನು ಎ, ಬಿ, ಸಿ, ಡಿ, ಇ ಅಂತ ಐದಾಗಿ ವಿಂಗಡಿಸಿದ. ಒಂದೊಂದಕ್ಕೂ ಕನಿಷ್ಠ ನಾಲ್ಕು ಸ್ಥಾನ. ಪೆಟ್ಟು ಬಿದ್ದದ್ದು ಏರು, ಬೀಳದ್ದು ಇಳಿ. ಎ ಅಂದರೆ ಏರು-ಇಳಿ-ಏರು-ಇಳಿ, ‘ಥೇಓಫ್ ಇನ್ ಥೀಸ್ಟ್ರೊ’ ಹಾಗಿದೆ. ಅದರ ಜೊತೆಯ ‘ಥ್ರಿಮ್‌ಫ್ಯಾಸ್ಟ್ನೆ ಕ್ವಿಡೆ’ ಇ: ಏರು, ಅರೆ ಏರು, ಇಳಿ, ಏರು. ಕ್ವಿಡೆಯ ಎರಡು ಹ್ರಸ್ವ ಸೇರಿ ಒಂದೇ ಸ್ಥಾನ, ಎರಡು ಲಘು ಒಂದು ಗುರುವಾದ ಹಾಗೆ. ಬಿ, ಸಿ ಎರಡೂ ಇಳಿಯಿಂದ ಶುರುವಾಗುತ್ತವೆ, ಅಂದರೆ ಪೆಟ್ಟಿಗೆ ಮೊದಲು ಹಗುರವಾದ ಪುಟ್ಟ ಪದ ಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಬರವಿಲ್ಲ. ಕನ್ನಡದಲ್ಲಿ ವಿಭಕ್ತಿ ಪದದ ಬಾಲಕ್ಕೆ ಅಂಟುತ್ತೆ, ಮುಂದೆ ಏನೂ ಬರಲ್ಲ, ಪದದ ಭಾರವೆಲ್ಲ ತಲೆಯಲ್ಲೇ. ಹಾಗಾಗಿ ಬರೆದದ್ದೆಲ್ಲ ಎ ಆಗಿ ಕುದುರೆ ಓಟ ಶುರುವಾಗುತ್ತೆ, ನನ್ನ ಮೇಲಿನ ಎರಡು ಸಾಲೂ ಸೇರಿ. ಆ, ಈ, ಒಂದು, ಇನ್ನೂ ಥರದ ಪದಗಳನ್ನು ಮುಂದಿಟ್ಟು ಓಟ ಮುರಿಯಬೇಕು. ಬಾಲ ಉದ್ದವಾದ ಪದ ತಂದರೆ ನಾಲ್ಕು ಸ್ಥಾನದ ಅರ್ಧಸಾಲು ಹತ್ತು ಅಕ್ಷರವಾಗಿ ಉಬ್ಬುತ್ತೆ. ವಿಡಿಯೊದವರು ಈ ತೊಡಕಿನ ಹತ್ತಿರವೂ ಸುಳಿದಿಲ್ಲ. ಏಳು ಕ ಹುಡುಕಿದರು, ಮುಗೀತು.

ನಾಲ್ಕನೆಯ ಪೆಟ್ಟು ಖಾಲಿ ಯಾಕಿರಬೇಕು ಅಂತ ಇನ್ನೂ ಕೇಳೋರು ‘ಮಾಲ್ಡನ್ ಕದನ’ ಅನ್ನೋ ಹಳೆಯ ಇಂಗ್ಲಿಷ್ ಕವಿತೆ ನೋಡಿ. 991ರಲ್ಲಿ ಎಸೆಕ್ಸಿನ ತೀರದಲ್ಲಿ ವೈಕಿಂಗರ ಎದುರು ನಾಯಕ ಬಿರ್ಟ್‌ನಾಥ್ ಸತ್ತಿದ್ದಾನೆ, ಕೆಲವರು ಓಡಿಹೋಗಿದ್ದಾರೆ. ನಮ್ಮಲ್ಲಿ ನಾಗವರ್ಮ ‘ಛಂದೋಂಬುಧಿ’ ಅನ್ನೋ ಛಂದಸ್ಸಿನ ಗ್ರಂಥ ಬರೆದದ್ದು ಹೆಚ್ಚುಕಮ್ಮಿ ಆಗಲೇ. ಉಳಿದವರು ಒಡೆಯನ ಹೆಣದ ಬಳಿಯೇ ಸಾಯೋಕೆ ನಿಂತಿದ್ದಾರೆ. ಜೋಳದ ಪಾಳಿ, ಅಂದರೆ ಒಡೆಯನ ಅನ್ನದ ಋಣ, ಏನು ಅಂತ ಗೊತ್ತಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಿರ್ಟ್‌ವೋಲ್ಡ್ ಅನ್ನೋ ಮುದುಕ ಗುರಾಣಿ ಎತ್ತಿ ಹೇಳುತ್ತಾನೆ, ಬಲ ಕುಗ್ಗಿದಷ್ಟೂ ಮನಸ್ಸು ಗಟ್ಟಿಯಾಗಲಿ, ಎದೆ ಕಲಿಯಾಗಲಿ, ಕೆಚ್ಚು ಹೆಚ್ಚಲಿ ಅಂತ. ಎರಡನೆಯ ಸಾಲು: ‘ಮೋಡ್ ಶಲ್ ಥೆ ಮಾರೆ, ಥೆ ಊರೆ ಮ್ಯಾಯೆನ್ ಲೀಟ್ಲಥ್’. ಮೋಡ್ ಅಂದರೆ ಕೆಚ್ಚು, ಮಾರೆ ಅಂದರೆ ಹೆಚ್ಚು, ಮ್ಯಾಯೆನ್ ಅಂದರೆ ಬಲ. ಮ, ಮ, ಮ. ನಾಲ್ಕನೆಯ ಪೆಟ್ಟಿನಲ್ಲಿ ಜೊತೆಗಾರರಿಲ್ಲದೆ ಒಂಟಿಯಾಗಿ ನಿಂತಿರೋದು ‘ಲೀಟ್ಲಥ್’: ಕುಗ್ಗುತ್ತಿದೆ.

ಅಲ್ಲೊಂದು ಮಕಾರ ತುರುಕಿ ನೋಡಿ.