ಯುದ್ಧ ರದ್ದಾಗಿದೆ, ಎಲ್ಲರೂ ಮನೆಗೆ ಹೋಗಬಹುದು

ಟ್ವೈಲೈಟ್ ಸರಣಿಯ ಮೂರು ದಪ್ಪ ಪುಸ್ತಕ ಓದಿಸಿ ನಮ್ಮನ್ನು ಹೆದರಿಸಿದ್ದು ಏನಂತ? ಕಥೆಯ ಹುಡುಗಿ ಬೆಲ್ಲಾ ವ್ಯಾಂಪೈರ್ (ರಕ್ತ ಕುಡಿದು ಬದುಕುವ ಜೀವಿ) ಆದರೆ ಅಪ್ಪನ ಮುಖ ಮತ್ತೆ ನೋಡುವ ಹಾಗಿಲ್ಲ, ಹೊಸ ವ್ಯಾಂಪೈರ್‌ಗಳಿಗೆ ವರ್ಷಗಟ್ಟಲೆ ರಕ್ತದ ಹುಚ್ಚು, ಸಿಕ್ಕವರನ್ನೆಲ್ಲ ಕೊಂದುಬಿಡುತ್ತಾರೆ, ಬೇಡ ಬೇಡ ಅಂತ ಅವಳ ವ್ಯಾಂಪೈರ್ ಪ್ರಿಯಕರ ಎಡ್ವರ್ಡ್ ಪುಟಗಟ್ಟಲೆ ಗೋಳಾಡಿದ್ದೇ ಗೋಳಾಡಿದ್ದು. 2008ರ ಆಗಸ್ಟ್‌ನಲ್ಲಿ ಕೊನೆಯ ಪುಸ್ತಕ 'ಬ್ರೇಕಿಂಗ್ ಡಾನ್' ಬಂತು. ಅಮೆರಿಕದಲ್ಲಿ ಮೊದಲ ದಿನವೇ 13 ಲಕ್ಷ ಪ್ರತಿ ಮಾರಾಟ. ಬೆಲ್ಲಾ ವ್ಯಾಂಪೈರ್ ಆದಳು. ಮೊದಲ ಬೇಟೆಯಲ್ಲೇ ಮನುಷ್ಯರ ವಾಸನೆ ಮೂಗಿಗೆ ಬಡಿಯಿತು, ತಿರುಗಿ ಓಡಿದಳು. ಅಷ್ಟೇ. ವರ್ಷದ ಹುಚ್ಚು ಒಂದು ದಿನವೂ ಬಾಳಲಿಲ್ಲ.

ಸರಿ, ಅಪ್ಪ? ಫೋರ್ಕ್ಸ್ ಊರಿನ ಪೊಲೀಸ್ ಮುಖ್ಯಸ್ಥ ಅವನು. ಕಣ್ಣೆದುರೇ ಬೆಲ್ಲಾಳನ್ನು ಪ್ರೀತಿಸುತ್ತಿದ್ದ ಹುಡುಗ ಜೇಕಬ್ ತೋಳವಾಗಿ ನಿಂತರೂ, ಮಗಳ ಕಣ್ಣಿನ ಬಣ್ಣವೇ ಬದಲಾಗಿದ್ದರೂ, 'ಜಾಸ್ತಿ ಏನೂ ಹೇಳಬೇಡಿ' ಅನ್ನುವ ಧಾಟಿಯಲ್ಲಿ ಮಗಳ ಮನೆಗೆ ಬಂದು ಹೋಗಿ ಮಾಡತೊಡಗಿದ. ಎಂಥ ತನಿಖಾಧಿಕಾರಿ!

ಬೆಲ್ಲಾಗಾಗಿ ಅಷ್ಟು ಒದ್ದಾಡಿದ ಆ ಜೇಕಬ್‌ಗೂ ಲೇಖಕಿ ಸ್ಟೆಫನಿ ಮೇಯರ್ ಅನ್ಯಾಯ ಮಾಡಲಿಲ್ಲ. ಬೆಲ್ಲಾ, ಎಡ್ವರ್ಡ್ ಜೋಡಿಯ ಅರೆ-ವ್ಯಾಂಪೈರ್ ಹಸುಗೂಸಿನ ಮುಖ ನೋಡಿದ ತಕ್ಷಣ ಅವನಿಗೆ ಜನ್ಮದ ನಂಟು ಅಂಟಿಕೊಂಡಿತು. ತೋಳಗಳ ಕುಲದಲ್ಲಿ ಹಾಗಂತೆ. ಓದುವವರಿಗೆ ಮೈಯೆಲ್ಲ ಮುಜುಗರ. ಅದಕ್ಕೂ ಮದ್ದು ರೆಡಿ: ಮಗು ಏಳೇ ವರ್ಷಕ್ಕೆ ಪೂರ್ತಿ ಬೆಳೆದುಬಿಡುತ್ತೆ! ಇದನ್ನು ಕೇಳಿದ ಮೇಲೆ ಮುಜುಗರ ಇನ್ನೂ ಜಾಸ್ತಿಯಾಯಿತು.

ಹೋಗಲಿ, ಯುದ್ಧವಾದರೂ ಇದೆಯಲ್ಲ ಅಂದುಕೊಂಡೆವು. ಇಟಲಿಯಿಂದ ಕಪ್ಪು ನಿಲುವಂಗಿ ಹಾಕಿಕೊಂಡು ವ್ಯಾಂಪೈರ್ ಲೋಕದ ದೊರೆಗಳಾದ ವೋಲ್ಟುರಿಗಳು ಬಂದರು, ಆ ಮಗು ಅಪಾಯಕಾರಿ ಅನ್ನುವ ದೂರಿನ ಮೇಲೆ. ಈ ಕಡೆ ಈಜಿಪ್ಟ್, ಐರ್ಲೆಂಡ್, ಅಮೆಜಾನ್ ಕಾಡಿನಿಂದೆಲ್ಲ ಸಾಕ್ಷಿಗಳು. ಹಿಮದ ಬಯಲಲ್ಲಿ ಎದುರುಬದುರು ನಿಂತು ನಡೆಸಿದ್ದು ಪಂಚಾಯಿತಿ! ಮಾತು, ಮಾತು, ಮತ್ತೆ ಮಾತು. ಕೊನೆಗೆ ಎಡ್ವರ್ಡ್‌ನ ಸಾಕುಸೋದರಿ, ಭವಿಷ್ಯ ಕಾಣಬಲ್ಲ ಆಲಿಸ್ ದಕ್ಷಿಣ ಅಮೆರಿಕದಿಂದ 150 ವರ್ಷದ ಅರೆ-ವ್ಯಾಂಪೈರ್ ಹುಡುಗನನ್ನು ಕರೆತಂದಳು, ಇಂಥ ಮಕ್ಕಳಿಂದ ಅಪಾಯವಿಲ್ಲ ಅಂತ ಅವನು ಸಾಕ್ಷಿ ಹೇಳಿದ, ಬಂದ ದಾರಿಗೆ ಸುಂಕವಿಲ್ಲ ಅಂತ ವೋಲ್ಟುರಿಗಳು ಹೊರಟೇಬಿಟ್ಟರು. ಅಂದು ಆ ಬಯಲಲ್ಲಿ ಸತ್ತವಳು ಇರಿನಾ ಅನ್ನುವ ವ್ಯಾಂಪೈರ್ ಒಬ್ಬಳೇ. ಪಾಪ, ದೂರು ಕೊಟ್ಟವಳೇ ಅವಳು.

ಸಿನಿಮಾದವರಿಗೆ ಗೊತ್ತಿತ್ತು, ಪಂಚಾಯಿತಿ ನೋಡಲು ಯಾರೂ ಟಿಕೆಟ್ ತಗೊಳಲ್ಲ ಅಂತ. ಆದರೂ ಒಂದೇ ಪುಸ್ತಕವನ್ನು ಎರಡು ಸಿನಿಮಾ ಮಾಡಿದರು, 2011ಕ್ಕೊಂದು, 2012ಕ್ಕೊಂದು. ಎರಡನೆಯದರಲ್ಲಿ ಎಡ್ವರ್ಡ್‌ನ ಸಾಕುತಂದೆ ಕಾರ್ಲೈಲ್‌ನ ತಲೆ ಉರುಳಿತು, ತೋಳಗಳು ಸತ್ತವು, ವೋಲ್ಟುರಿಗಳ ನಾಯಕ ಆರೋ ಸುಟ್ಟುಹೋದ. ಆಮೇಲೆ ನೋಡಿದರೆ ಅದೆಲ್ಲ ಆಲಿಸ್ ಅವನಿಗೆ ತೋರಿಸಿದ ಭವಿಷ್ಯ ಅಷ್ಟೇ, ನಿಜವಾಗಿ ಆ ಯುದ್ಧ ನಡೆದೇ ಇಲ್ಲ. ಟಿಕೆಟ್ ಹಣ ಮಾತ್ರ ನಿಜವಾಗಿಯೇ ಹೋಯಿತು.

ನ್ಯಾಯವಾಗಿ ಹೇಳಬೇಕೆಂದರೆ ಒಂದು ಜಾಗ ಚೆನ್ನಾಗಿದೆ. ಊರಿನವರೆಲ್ಲರ ಮನಸ್ಸು ಓದಬಲ್ಲ ಎಡ್ವರ್ಡ್‌ಗೆ ಮೊದಲ ಪುಸ್ತಕದಿಂದಲೂ ಬೆಲ್ಲಾಳ ಮನಸ್ಸು ಮಾತ್ರ ಕೇಳಿಸುತ್ತಿರಲಿಲ್ಲ. ಕೊನೆಯ ಪುಟಗಳಲ್ಲಿ ಅವಳು ಆ ಅಡ್ಡಗೋಡೆಯನ್ನು ತಾನಾಗಿ ಸರಿಸುತ್ತಾಳೆ, ತನ್ನ ನೆನಪುಗಳನ್ನೆಲ್ಲ ಅವನಿಗೆ ಬಿಟ್ಟುಕೊಡುತ್ತಾಳೆ. ಅದನ್ನು ಓದುವಾಗ, ಛೇ, ಕಣ್ಣು ಸ್ವಲ್ಪ ಒದ್ದೆಯಾಗುತ್ತೆ. ಅಷ್ಟಕ್ಕೆ ಮುಗಿಸಬಹುದಿತ್ತು ಅಲ್ವಾ? ಮುಗಿಸಲಿಲ್ಲ. 2015ರಲ್ಲಿ ಅದೇ ಮೊದಲ ಕಥೆ, ಹುಡುಗ ಹುಡುಗಿಯಾಗಿ, ಹುಡುಗಿ ಹುಡುಗನಾಗಿ. 2020ರಲ್ಲಿ ಮತ್ತೆ ಅದೇ ಕಥೆ, ಈ ಸಲ ಎಡ್ವರ್ಡ್ ಬಾಯಿಂದ. ಮೊದಲ ವಾರದಲ್ಲೇ 10 ಲಕ್ಷ ಪ್ರತಿ ಹೋಯಿತು. ಕೊಂಡವರಲ್ಲಿ 2008ರಲ್ಲಿ ಬೈದವರೂ ಇರಲೇಬೇಕು.