ಮೇಲ್ಮುಖ ಬಾಣ

ಮೋಡದೊಳಗೆ, ಕಗ್ಗತ್ತಲಲ್ಲಿ ಹಾರುವ ವಿಮಾನ ದಾರಿ ತಪ್ಪುವುದಿಲ್ಲ. ತಪ್ಪುವುದು ನಾನು. ಅದೂ ನೆಲದ ಮೇಲೆ, ಸೂರಿನ ಕೆಳಗೆ, ಕೈಯಲ್ಲಿ ಬೋರ್ಡಿಂಗ್ ಪಾಸ್ ಹಿಡಿದುಕೊಂಡು.

ಪೈಲಟ್‌ಗೆ ಸಿಗುವ ಮರ್ಯಾದೆ ನೋಡಿ. ರನ್‌ವೇಗೆ ಸುಮ್ಮನೆ ನಂಬರ್ ಹಾಕುವುದಿಲ್ಲ. ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿ ಹಾಕುತ್ತಾರೆ. ರನ್‌ವೇ 27 ಅಂದರೆ ಮೂಗು ಪಶ್ಚಿಮಕ್ಕೆ, ಮಾತು ಮುಗಿಯಿತು. ಭೂಮಿಯ ಕಾಂತಧ್ರುವ ಜರುಗಿತು ಅಂತ 2011ರಲ್ಲಿ ಅಮೆರಿಕದ ಟ್ಯಾಂಪಾ ನಿಲ್ದಾಣದಲ್ಲಿ ರನ್‌ವೇ ನಂಬರನ್ನೇ ಅಳಿಸಿ ಹೊಸದು ಬರೆದರು. ಧ್ರುವವೇ ಅಲುಗಾಡಿದರೂ ಪೈಲಟ್‌ಗೆ ಗಲಿಬಿಲಿ ಆಗಕೂಡದು. ನಮ್ಮ ವಿಷಯಕ್ಕೆ ಬನ್ನಿ: ಲಂಡನ್ನಿನ ಹೀಥ್ರೂನಲ್ಲಿ 2015ರಲ್ಲಿ ಒಂದನೇ ಟರ್ಮಿನಲ್ ಮುಚ್ಚಿದರು. ಉಳಿದವುಗಳ ನಂಬರ್ ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಅಲ್ಲಿ ಎಣಿಕೆ ಶುರುವಾಗುವುದೇ ಎರಡರಿಂದ.

ಬಾಣದ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ನನ್ನ ಗೇಟ್ ಬಿ 44. ತಲೆಯ ಮೇಲೆ ಹಳದಿ ಬೋರ್ಡು, ಅದರಲ್ಲಿ ಮೇಲ್ಮುಖ ಬಾಣ. ಅಂದರೆ ನೇರ ಹೋಗು ಅಂತಲೋ, ಮಹಡಿ ಹತ್ತು ಅಂತಲೋ? ಎದುರಿಗೆ ಎಸ್ಕಲೇಟರ್ ಬೇರೆ ಇತ್ತು. ಹತ್ತಿದೆ. ಮೇಲೆ ಪ್ರಾರ್ಥನಾ ಕೊಠಡಿ. ಕಟ್ಟಿದವರು ಮುಂದಾಲೋಚನೆ ಉಳ್ಳವರೇ ಅನ್ನಿಸಿತು. ಇಳಿದು ನೇರ ನಡೆದರೆ ಮುಂದಿನ ಬೋರ್ಡಿನಲ್ಲಿ ಬಿ 1ರಿಂದ 39 ಎಡಕ್ಕೆ, ಬಿ 50ರಿಂದ 72 ಬಲಕ್ಕೆ. ನಡುವಿನ ಹತ್ತು ಗೇಟುಗಳ ಬಗ್ಗೆ ಬೋರ್ಡಿನದು ಮೌನವ್ರತ. ಪಕ್ಕದಲ್ಲಿ 'ನೀವು ಇಲ್ಲಿದ್ದೀರಿ' ಅನ್ನುವ ನಕ್ಷೆ. ನನ್ನಂಥವರು ಬೆರಳಿಟ್ಟು ಬೆರಳಿಟ್ಟು ಆ ಕೆಂಪು ಚುಕ್ಕಿ ಸವೆದು, ಅಲ್ಲೊಂದು ಬಿಳಿ ಕಲೆ ಉಳಿದಿತ್ತು. ಎಲ್ಲಿದ್ದೇನೆ ಅನ್ನುವುದು ಹೋಗಲಿ, ಇದ್ದೇನೋ ಇಲ್ಲವೋ ಅನ್ನುವ ಅನುಮಾನ ಶುರುವಾಯಿತು.

ಸಮವಸ್ತ್ರದವರೊಬ್ಬರನ್ನು ಕೇಳಿದೆ. ಮೊಬೈಲಿನಿಂದ ಕಣ್ಣೆತ್ತದೆ ಗಾಳಿಯಲ್ಲಿ ಕೈ ಬೀಸಿ, "ಹಾಗೇ ಹೋಗಿ ಸರ್, ಇಲ್ಲೇ ಹತ್ರ" ಅಂದರು. ವಿಮಾನ ನಿಲ್ದಾಣದಲ್ಲಿ 'ಇಲ್ಲೇ ಹತ್ರ' ಅಂದರೆ ನೀರಿನ ಬಾಟಲಿ ಹುಡುಕಿಕೊಂಡು ಹೊರಡಬೇಕು ಅಂತ ಅರ್ಥ.

ಅಲ್ಲಿಯವರೆಗೆ ನಾನು ತಪ್ಪದ ದಾರಿ ಅಂದರೆ ಒಂದೇ. ಸೆಕ್ಯುರಿಟಿ ಚೆಕ್ ಮುಗಿಸಿ, ಬೆಲ್ಟ್ ಬಿಗಿಯುತ್ತಾ ಮೊದಲ ಹೆಜ್ಜೆ ಇಟ್ಟರೆ ಅದು ಡ್ಯೂಟಿ ಫ್ರೀ ಒಳಗೇ ಬಿತ್ತು. 1947ರಲ್ಲಿ ಐರ್ಲೆಂಡಿನ ಶಾನನ್ ನಿಲ್ದಾಣದಲ್ಲಿ ಶುರುವಾದಾಗ ಅದು ದಾರಿ ಬದಿಯ ಪುಟ್ಟ ಅಂಗಡಿ. ಈಗ ಅಂಗಡಿಯೇ ದಾರಿ. ಹೊಳೆಯುವ ನೆಲ ಹಾವಿನ ಹಾಗೆ ಹೊರಳುತ್ತದೆ: ಸೆಂಟು, ಚಾಕೊಲೇಟು, ಮತ್ತೆ ಸೆಂಟು. ಗಾಣದೆತ್ತಿಗೆ ಕಣ್ಣಿಗೆ ಪಟ್ಟಿ ಕಟ್ಟುವ ಕರುಣೆಯಾದರೂ ಇರುತ್ತದೆ. ಇಲ್ಲಿ ಬೆಲೆ ಕಾಣಲಿ ಅಂತ ಕಣ್ಣು ಬಿಡಿಸಿಯೇ ಸುತ್ತಿಸುತ್ತಾರೆ. ಒಂದು ಬಾಣವೂ ಇಲ್ಲ, ಆದರೂ ಒಬ್ಬರೂ ದಾರಿ ತಪ್ಪಿದ್ದಿಲ್ಲ. ದಾರಿ ತೋರಿಸುವ ವಿದ್ಯೆ ಇವರಿಗೆ ಚೆನ್ನಾಗಿಯೇ ಬರುತ್ತದೆ.

ಕೈ ಬೀಸಿದ ದಿಕ್ಕಿಗೆ ಕಾಲು ಸೋಲುವಷ್ಟು ನಡೆದು ತಿರುಗಿದರೆ ಅದೇ ಮೇಲ್ಮುಖ ಬಾಣದ ಕೆಳಗೆ ಬಂದು ನಿಂತಿದ್ದೆ. ಪಕ್ಕದಲ್ಲಿ ಇನ್ನೊಬ್ಬರು ಕತ್ತು ಎತ್ತಿ ನಿಂತಿದ್ದರು. ಬಿಳಿ ಅಂಗಿ, ಭುಜದ ಮೇಲೆ ನಾಲ್ಕು ಪಟ್ಟಿ.

"ಈ ಬಿ 44 ಯಾವ ಕಡೆ ಬರುತ್ತೆ, ಗೊತ್ತಾ ಸರ್?"

ಜೀವ ತಣ್ಣಗಾಯಿತು. ಇವರನ್ನು ಬಿಟ್ಟು ವಿಮಾನ ಹೊರಡುವಂತಿಲ್ಲ. ಇಬ್ಬರೂ ಸಮಾಧಾನವಾಗಿ ಎಸ್ಕಲೇಟರ್ ಹತ್ತಿದೆವು.